ಸರಾಸರಿ ವೇಗ: ಕಾಲಿನ ಪಾಲೆಷ್ಟು, ರಸ್ತೆಯ ಪಾಲೆಷ್ಟು?

ಬೆಂಗಳೂರಿನ ಪಶ್ಚಿಮಕ್ಕೆ, ಮಾಗಡಿ ರಸ್ತೆಯ ಮಗ್ಗುಲಲ್ಲಿ ಹಬ್ಬಿಕೊಂಡಿರುವ ಕಾಮಾಕ್ಷಿಪಾಳ್ಯ ದುಡಿಮೆಗಾರರ ಬಡಾವಣೆ. ಸಣ್ಣ ಕಾರ್ಖಾನೆಗಳ ಸಾಲು, ಲೇತ್ ಯಂತ್ರಗಳ ಸದ್ದು, ಸರಕು ಹೇರಿಕೊಂಡು ನಿಂತ ಲಾರಿಗಳು ಇಲ್ಲಿನ ನಿತ್ಯದ ನೋಟ. ಒಂದೆರಡು ತಲೆಮಾರುಗಳ ಹಿಂದೆ ಈ ಭಾಗದ ಕಾರ್ಮಿಕರು ಮಾಗಡಿ ರಸ್ತೆಯ ಮಿಲ್ಲುಗಳಿಗೂ ರಾಜಾಜಿನಗರದ ಕೈಗಾರಿಕಾ ವಸಾಹತಿಗೂ ಸೈಕಲ್ಲಿನಲ್ಲೇ ಹೋಗಿ ಬರುತ್ತಿದ್ದರು. ಪಾಳಿಯ ಸೈರನ್ನು ಕೂಗುವ ಮೊದಲು ಗೇಟು ದಾಟಿದರೆ ವೇಗ ಸಾಕಾಯಿತೆಂದು ಅರ್ಥ. ಅದಕ್ಕಿಂತ ಬೇರೆ ಅಳತೆ ಅವರಿಗೆ ಬೇಕಿರಲಿಲ್ಲ.

ಇಂದು ಅದೇ ರಸ್ತೆಯಲ್ಲಿ ಭಾನುವಾರದ ನಸುಕಿಗೆ ಮತ್ತೊಂದು ಬಗೆಯ ಸವಾರರು ಕಾಣಸಿಗುತ್ತಾರೆ. ಸುಮನಹಳ್ಳಿ, ಸುಂಕದಕಟ್ಟೆ, ಬ್ಯಾಡರಹಳ್ಳಿಗಳನ್ನು ದಾಟಿ ತಾವರೆಕೆರೆಯ ಕಡೆಗೆ, ಕೆಲವರು ಮಾಗಡಿಯವರೆಗೆ, ಹವ್ಯಾಸಕ್ಕಾಗಿ ಸೈಕಲ್ ತುಳಿಯುವವರಿವರು. ಹ್ಯಾಂಡಲ್ಲಿನ ಮೇಲೆ ಪುಟ್ಟ ಮಾಪಕ ಅಥವಾ ಜೇಬಿನಲ್ಲಿ ಮೊಬೈಲು ಇವರ ಪ್ರತಿ ಮೀಟರನ್ನೂ ಲೆಕ್ಕ ಇಡುತ್ತದೆ. ಸವಾರಿ ಮುಗಿದೊಡನೆ ಇವರಲ್ಲಿ ಕೇಳಿಬರುವ ಮೊದಲ ಪ್ರಶ್ನೆ ಒಂದೇ: ಸರಾಸರಿ ಎಷ್ಟು ಬಂತು? ಇಪ್ಪತ್ತನಾಲ್ಕು ಬಂದರೆ ಹಿಗ್ಗು, ಇಪ್ಪತ್ತೊಂದಕ್ಕೆ ಇಳಿದರೆ ಕುಗ್ಗು. ಹೊಸದಾಗಿ ಸೈಕಲ್ ಕೊಂಡವರಲ್ಲಿ ಎಷ್ಟೋ ಮಂದಿ ಈ ಒಂದು ಅಂಕಿಗೆ ಅಂಜಿ, ತಮಗಿದು ಒಗ್ಗದೆಂದು ತೀರ್ಮಾನಿಸಿ, ಸೈಕಲ್ಲನ್ನು ಮೆಟ್ಟಿಲಡಿಗೆ ಒರಗಿಸಿಬಿಡುತ್ತಾರೆ.

ಅಂಕಿಯೇ ಬೇಡವೆಂದು ಹೇಳುವುದು ಸುಲಭ. ಆದರೆ ಅದು ಸರಿಯಾದ ಉತ್ತರವಲ್ಲ. ಅಳೆಯುವ ಹಂಬಲ ಮನುಷ್ಯಸಹಜ. ಅಳತೆಯಿಂದ ಅಭ್ಯಾಸಕ್ಕೆ ಶಿಸ್ತು ಬರುತ್ತದೆ. ತೊಂದರೆ ಇರುವುದು ಅಂಕಿಯನ್ನು ಓದುವ ಕ್ರಮದಲ್ಲಿ. ಸರಾಸರಿ ವೇಗವೆಂಬುದು ಸವಾರನೊಬ್ಬನ ಶಕ್ತಿಯ ಅಳತೆಯಲ್ಲ. ಅದರಲ್ಲಿ ಕಾಲಿನ ಪಾಲು ಒಂದಿದ್ದರೆ, ರಸ್ತೆ, ಗಾಳಿ ಮತ್ತು ಏರುಗಳ ಪಾಲು ಮತ್ತೊಂದು. ಇವೆರಡನ್ನೂ ಬೇರ್ಪಡಿಸಿ ನೋಡದವರು ತಮ್ಮನ್ನು ಅನಗತ್ಯವಾಗಿ ಹಳಿದುಕೊಳ್ಳುತ್ತಾರೆ, ಇಲ್ಲವೇ ಅನಗತ್ಯವಾಗಿ ಬೀಗುತ್ತಾರೆ.

ಸರಾಸರಿಯ ಗಣಿತ

ಶಾಲೆಯಲ್ಲಿ ಕಲಿತ ಸರಾಸರಿ ಇಲ್ಲಿ ಮೋಸ ಮಾಡುತ್ತದೆ. ಒಂದು ಘಾಟಿಯನ್ನು ಗಂಟೆಗೆ 10 ಕಿ.ಮೀ. ವೇಗದಲ್ಲಿ ಹತ್ತಿ, ಅದೇ ದಾರಿಯನ್ನು 30 ಕಿ.ಮೀ. ವೇಗದಲ್ಲಿ ಇಳಿದವರ ಸರಾಸರಿ ಎಷ್ಟು? ಇಪ್ಪತ್ತು ಎನ್ನುವವರೇ ಹೆಚ್ಚು. ನಿಜವಾದ ಉತ್ತರ ಹದಿನೈದು. ಹತ್ತು ಕಿ.ಮೀ. ಹತ್ತಲು ಅರವತ್ತು ನಿಮಿಷ, ಇಳಿಯಲು ಇಪ್ಪತ್ತು ನಿಮಿಷ, ಇಪ್ಪತ್ತು ಕಿ.ಮೀ.ಗೆ ಎಂಬತ್ತು ನಿಮಿಷ. ನಿಧಾನವಾಗಿ ಸಾಗಿದ ಭಾಗ ಹೆಚ್ಚು ಹೊತ್ತನ್ನು ತಿನ್ನುವುದರಿಂದ ಸರಾಸರಿ ಸದಾ ಅದರ ಕಡೆಗೇ ವಾಲುತ್ತದೆ. ಏರಿನಲ್ಲಿ ಕಳೆದುಕೊಂಡ ಸಮಯವನ್ನು ಇಳಿಜಾರು ಎಂದಿಗೂ ಪೂರ್ತಿಯಾಗಿ ಮರಳಿ ಕೊಡುವುದಿಲ್ಲ.

ಈ ಗಣಿತ ಮಾಗಡಿ ರಸ್ತೆಯ ಸವಾರರಿಗೆ ಹೇಗೆ ಅನ್ವಯಿಸುತ್ತದೆಂದು ನೋಡಬೇಕು. ನಲವತ್ತು ಕಿ.ಮೀ. ಸವಾರಿಯಲ್ಲಿ ಹೋಗುವಾಗ ಮೂರು, ಬರುವಾಗ ಮೂರು, ಒಟ್ಟು ಆರು ಕಿ.ಮೀ. ಮಾತ್ರ ನಗರದ ಸಂದಣಿಯಲ್ಲಿ ಕಳೆಯಿತೆಂದು ಇಟ್ಟುಕೊಳ್ಳೋಣ. ಸಿಗ್ನಲ್ಲು, ಬಸ್ಸು, ಅಗೆದ ರಸ್ತೆಗಳ ನಡುವೆ ಅಲ್ಲಿನ ವೇಗ 14 ಕಿ.ಮೀ. ಉಳಿದ 34 ಕಿ.ಮೀ. ತೆರೆದ ರಸ್ತೆಯಲ್ಲಿ 26 ಕಿ.ಮೀ. ವೇಗ. ಒಟ್ಟು ಸರಾಸರಿ 23ಕ್ಕೆ ಇಳಿಯುತ್ತದೆ. ಆರೇ ಆರು ಕಿಲೋಮೀಟರು ಮೂರು ಅಂಕಗಳನ್ನು ಕಿತ್ತುಕೊಂಡವು. ಈ ನಷ್ಟವನ್ನು ಕಾಲಿನಿಂದಲೇ ತುಂಬಿಕೊಂಡು ಒಟ್ಟು ಸರಾಸರಿಯನ್ನು 26ಕ್ಕೆ ತರಬೇಕಾದರೆ ತೆರೆದ ರಸ್ತೆಯಲ್ಲಿ 30 ಕಿ.ಮೀ.ಗೂ ಮೀರಿದ ವೇಗ ಬೇಕು. ಅದು ಹವ್ಯಾಸಿಯ ಅಳವನ್ನು ದಾಟಿದ ಮಾತು. ಏಕೆಂಬುದನ್ನು ಗಾಳಿ ಹೇಳುತ್ತದೆ.

ಗಾಳಿಯೂ ಏರೂ

ಸಮತಟ್ಟಾದ ರಸ್ತೆಯಲ್ಲಿ ಗಂಟೆಗೆ ಇಪ್ಪತ್ತು ಕಿ.ಮೀ. ದಾಟಿದ ಸವಾರರು ಬಹುಪಾಲು ಹೋರಾಡುವುದು ಗಾಳಿಯೊಡನೆ. ಗಾಳಿಯ ತಡೆ ವೇಗದ ವರ್ಗಕ್ಕೆ ಅನುಗುಣವಾಗಿ ಬೆಳೆದರೆ, ಆ ತಡೆಯನ್ನು ಮೀರಲು ಬೇಕಾದ ಶಕ್ತಿ ವೇಗದ ಘನಕ್ಕೆ ಅನುಗುಣವಾಗಿ ಬೆಳೆಯುತ್ತದೆ. ಇಪ್ಪತ್ತೈದರಿಂದ ಮೂವತ್ತಕ್ಕೆ ಏರುವುದೆಂದರೆ ವೇಗದಲ್ಲಿ ಐದನೇ ಒಂದು ಭಾಗದ ಹೆಚ್ಚಳ. ಗಾಳಿಯನ್ನು ಸೀಳುವ ಶಕ್ತಿಯಲ್ಲಿ ಶೇ. 73ರ ಹೆಚ್ಚಳ. ಆರಂಭದ ತಿಂಗಳುಗಳಲ್ಲಿ ಹದಿನೈದರಿಂದ ಇಪ್ಪತ್ತಕ್ಕೆ ಸಲೀಸಾಗಿ ಏರಿದವರು ಇಪ್ಪತ್ತೈದರ ಆಸುಪಾಸಿನಲ್ಲಿ ನಿಂತುಬಿಡುವುದಕ್ಕೆ ಕಾರಣ ಸೋಮಾರಿತನವಲ್ಲ, ಭೌತಶಾಸ್ತ್ರ.

ಮಾಗಡಿ ರಸ್ತೆ ಪಶ್ಚಿಮಾಭಿಮುಖವಾದುದು. ಜೂನಿನಿಂದ ಆಗಸ್ಟಿನವರೆಗೆ ಬಯಲುಸೀಮೆಯ ಮೇಲೆ ಬೀಸುವ ಮುಂಗಾರು ಗಾಳಿಯೂ ಪಶ್ಚಿಮದ್ದೇ. ಆಷಾಢದಲ್ಲಿ ತಾವರೆಕೆರೆಯ ದಿಕ್ಕಿಗೆ ಹೋಗುವವರಿಗೆ ಎದುರುಗಾಳಿ, ಮರಳುವವರಿಗೆ ಹಿಂಗಾಳಿ. ಹೋಗುವಾಗ ಇಪ್ಪತ್ತು, ಬರುವಾಗ ಮೂವತ್ತು ಎಂದಾದರೆ ಸರಾಸರಿ ಇಪ್ಪತ್ತನಾಲ್ಕು, ಇಪ್ಪತ್ತೈದಲ್ಲ. ಗಾಳಿ ಒಂದು ಕೈಯಲ್ಲಿ ಕಸಿದುದನ್ನು ಇನ್ನೊಂದು ಕೈಯಲ್ಲಿ ಕೊಟ್ಟರೂ ಸ್ವಲ್ಪ ಉಳಿಸಿಕೊಂಡೇ ಕೊಡುತ್ತದೆ. ಆಷಾಢದ ಅಂಕಿಯನ್ನು ಮಾಘದ ಅಂಕಿಯ ಜೊತೆ ಹೋಲಿಸಿ ಶಕ್ತಿ ಕುಂದಿತೆಂದು ಮರುಗುವುದು ಅವಿವೇಕ.

ಎತ್ತರದ್ದೂ ಇದೇ ಕಥೆ. ಸವಾರ ಮತ್ತು ಸೈಕಲ್ ಸೇರಿ 80 ಕಿಲೋ ತೂಕವನ್ನು ನೂರು ಮೀಟರು ಮೇಲೆತ್ತಲು, 150 ವ್ಯಾಟ್ ಶಕ್ತಿಯನ್ನು ಪೂರ್ತಿಯಾಗಿ ಅದಕ್ಕೇ ಬಳಸಿದರೂ, ಸುಮಾರು ಒಂಬತ್ತು ನಿಮಿಷ ಬೇಕು. ಈ ಲೆಕ್ಕ ಸಾವಿರಾರು ರೂಪಾಯಿಯ ಸೈಕಲ್ಲಿಗೂ ಲಕ್ಷದ ಸೈಕಲ್ಲಿಗೂ ಹೆಚ್ಚುಕಡಿಮೆ ಒಂದೇ. ಎರಡು ಕಿಲೋ ಹಗುರವಾದ ಸೈಕಲ್ಲಿನಿಂದ ಆ ಒಂಬತ್ತು ನಿಮಿಷದಲ್ಲಿ ಉಳಿಯುವುದು ಹದಿಮೂರು ಸೆಕೆಂಡು ಮಾತ್ರ.

ಜಗತ್ತಿನ ಶ್ರೇಷ್ಠ ಸವಾರರೂ ಗಾಳಿಯ ಪಾಲನ್ನು ಬಲ್ಲವರೇ. ಬೆಲ್ಜಿಯಂನ ಎಡ್ಡಿ ಮರ್ಕ್ಸ್ 1972ರಲ್ಲಿ ಒಂದು ಗಂಟೆಯಲ್ಲಿ 49.431 ಕಿ.ಮೀ. ತುಳಿದು ದಾಖಲೆ ಬರೆದದ್ದು ತನ್ನ ನಾಡಿನ ತಗ್ಗುನೆಲದಲ್ಲಲ್ಲ; ಸಮುದ್ರಮಟ್ಟದಿಂದ 2,200 ಮೀಟರಿಗೂ ಎತ್ತರದಲ್ಲಿರುವ, ಗಾಳಿ ತೆಳುವಾದ ಮೆಕ್ಸಿಕೊ ನಗರದಲ್ಲಿ. ಸುಮಾರು 900 ಮೀಟರು ಎತ್ತರದ ಬೆಂಗಳೂರಿನ ಗಾಳಿಯೂ, ಉಷ್ಣತೆ ಒಂದೇ ಇದ್ದಲ್ಲಿ, ಕರಾವಳಿಯ ಗಾಳಿಗಿಂತ ಹತ್ತನೇ ಒಂದು ಭಾಗದಷ್ಟು ತೆಳು. ಮಂಗಳೂರಿನವರೂ ಬೆಂಗಳೂರಿನವರೂ ತಮ್ಮ ಸರಾಸರಿಗಳನ್ನು ನೇರವಾಗಿ ಹೋಲಿಸಿಕೊಳ್ಳುವುದು ಇದರಿಂದಲೇ ಅರ್ಥಹೀನವಾಗುತ್ತದೆ.

ತೂಗುವ ಕ್ರಮ

ಹಾಗಾದರೆ ಪ್ರಗತಿಯನ್ನು ಅಳೆಯುವುದು ಹೇಗೆ? ಮೊದಲನೆಯದಾಗಿ, ಅಳತೆಗೆಂದು ಒಂದೇ ದಾರಿಯನ್ನು ಆಯ್ದುಕೊಳ್ಳಬೇಕು. ಹೊರಟಲ್ಲಿಗೇ ಮರಳುವ, ಸಂದಣಿ ಮುಗಿದ ಬಳಿಕ ಶುರುವಾಗುವ ಹದಿನೈದಿಪ್ಪತ್ತು ಕಿ.ಮೀ. ತುಣುಕು ಉತ್ತಮ. ತಿಂಗಳಿಗೊಮ್ಮೆ, ಅದೇ ಹೊತ್ತಿನಲ್ಲಿ, ಗಾಳಿ ಏಳುವ ಮೊದಲಿನ ಬೆಳಗಿನಲ್ಲಿ, ಅದೇ ಸೈಕಲ್ಲಿನಲ್ಲಿ ತುಳಿದು ಬರೆದಿಡಬೇಕು. ಒಂದು ದಿನದ ಅಂಕಿಗೆ ಬೆಲೆಯಿಲ್ಲ. ಐದಾರು ಸವಾರಿಗಳನ್ನು ಸಾಲಾಗಿಟ್ಟಾಗ ನಡುವೆ ನಿಲ್ಲುವ ಅಂಕಿಗೆ ಬೆಲೆಯಿದೆ.

ಎರಡನೆಯದಾಗಿ, ಚಲಿಸಿದ ಹೊತ್ತಿನ ಸರಾಸರಿ ಮತ್ತು ಒಟ್ಟು ಹೊತ್ತಿನ ಸರಾಸರಿ ಬೇರೆ ಬೇರೆ ಎಂಬುದನ್ನು ನೆನಪಿಡಬೇಕು. ಮಾಪಕಗಳು ಸಾಮಾನ್ಯವಾಗಿ ನಿಂತ ಹೊತ್ತನ್ನು ಬಿಟ್ಟುಬಿಡುತ್ತವೆ. ಆದರೆ ದೂರದ ಸವಾರಿಗಳ ಜಗತ್ತು ನಿಂತದ್ದನ್ನೂ ಎಣಿಸುತ್ತದೆ. ಫ್ರಾನ್ಸಿನಲ್ಲಿ ಹುಟ್ಟಿ ಬೆಂಗಳೂರಿನಲ್ಲೂ ಬೇರುಬಿಟ್ಟಿರುವ 'ಬ್ರೆವೆ' ಸವಾರಿಗಳಲ್ಲಿ 200 ಕಿ.ಮೀ.ಗೆ ಹದಿಮೂರೂವರೆ ಗಂಟೆ, 300ಕ್ಕೆ 20 ಗಂಟೆ, 600ಕ್ಕೆ 40 ಗಂಟೆಯ ಗಡುವು. ಅಂದರೆ ಊಟ, ಚಹಾ, ಪಂಕ್ಚರುಗಳೆಲ್ಲ ಸೇರಿ ಗಂಟೆಗೆ ಹದಿನೈದು ಕಿ.ಮೀ. ಸಾಕು. ಬ್ರೆವೆ ಸ್ಪರ್ಧೆಯಲ್ಲ, ಗಡುವಿನೊಳಗೆ ಮುಗಿಸಿದವರೆಲ್ಲರೂ ಸಮಾನರು. ಇಪ್ಪತ್ತೆರಡರ ವೇಗದಲ್ಲಿ ತುಳಿಯಬಲ್ಲವರಿಗೆ ಇನ್ನೂರು ಕಿ.ಮೀ.ಯಲ್ಲಿ ನಾಲ್ಕು ಗಂಟೆಗೂ ಹೆಚ್ಚು ವಿಶ್ರಾಂತಿಯ ಅವಕಾಶ ಉಳಿಯುತ್ತದೆ. ವೇಗಕ್ಕಿಂತ ತಾಳ್ಮೆಯನ್ನು ತೂಗುವ ಈ ಅಳತೆ ಹವ್ಯಾಸಿಗಳಿಗೆ ಹೆಚ್ಚು ಒಪ್ಪುವಂಥದು.

ಮೂರನೆಯದಾಗಿ, ಹೋಲಿಕೆ ತನ್ನೊಡನೆಯೇ ಇರಬೇಕು. ಗುಂಪಿನಲ್ಲಿ ಇನ್ನೊಬ್ಬರ ಹಿಂದೆ ಅಂಟಿಕೊಂಡು ಸಾಗುವವರಿಗೆ ಗಾಳಿಯ ಹೊರೆ ಗಣನೀಯವಾಗಿ ಇಳಿಯುತ್ತದೆ. ಗುಂಪಿನ ಸರಾಸರಿಯನ್ನು ಒಂಟಿ ಸವಾರಿಯ ಸರಾಸರಿಯ ಪಕ್ಕದಲ್ಲಿ ಬರೆದಿಡುವುದು ಲೆಕ್ಕದಲ್ಲಿ ಮಾಡುವ ಅಪ್ರಾಮಾಣಿಕತೆ.

ಹೆಚ್ಚಿಸುವ ಮಾರ್ಗ

ಕಾಲಿನ ಪಾಲನ್ನು ಹೆಚ್ಚಿಸಿಕೊಳ್ಳುವುದರಲ್ಲಿ ರಹಸ್ಯವೇನೂ ಇಲ್ಲ. ವಾರಕ್ಕೊಮ್ಮೆ ಪ್ರಾಣ ಹಿಂಡುವ ಸವಾರಿಗಿಂತ ವಾರಕ್ಕೆ ಮೂರು ನಾಲ್ಕು ಬಾರಿಯ ಸಮಾಧಾನದ ಸವಾರಿ ಮೇಲು. ಹೆಚ್ಚಿನ ಹೊತ್ತು, ಪಕ್ಕದವರೊಡನೆ ಮಾತನಾಡಲು ಉಸಿರು ಉಳಿಯುವಂಥ ಗತಿಯಲ್ಲೇ ತುಳಿಯಬೇಕು. ವಾರದಲ್ಲಿ ಒಂದು ದಿನ ಮಾತ್ರ ನಾಲ್ಕೈದು ನಿಮಿಷ ಬಿರುಸಾಗಿ, ಮತ್ತೆ ಅಷ್ಟೇ ಹೊತ್ತು ಹಗುರವಾಗಿ, ಹೀಗೆ ನಾಲ್ಕು ಸುತ್ತು. ಅನಂತರ ವಿಶ್ರಾಂತಿ. ದೇಹ ಬಲಗೊಳ್ಳುವುದು ತುಳಿಯುವಾಗಲ್ಲ, ತುಳಿದ ಮೇಲೆ ದಣಿವಾರಿಸಿಕೊಳ್ಳುವಾಗ.

ಸವಾರಿಯ ಆರಂಭದಲ್ಲೇ ಹುಮ್ಮಸ್ಸಿನಿಂದ ಧಾವಿಸಿ ಕೊನೆಯ ಹತ್ತು ಕಿ.ಮೀ.ಯಲ್ಲಿ ತೆವಳುವುದು ಹೊಸಬರ ಸಾಮಾನ್ಯ ದೋಷ. ಮೇಲೆ ಹೇಳಿದ ಗಣಿತದಂತೆ ಆ ತೆವಳಿಕೆಯೇ ಸರಾಸರಿಯನ್ನು ಕೆಳಗೆಳೆಯುತ್ತದೆ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬ ಗಾದೆ ಸೈಕಲ್ಲಿಗೆ ಅಕ್ಷರಶಃ ಅನ್ವಯಿಸುತ್ತದೆ. ಒಂದೂವರೆ ಗಂಟೆ ಮೀರುವ ಸವಾರಿಗೆ ನೀರಿನೊಡನೆ ಬಾಳೆಹಣ್ಣೋ ಕಡಲೆ ಮಿಠಾಯಿಯೋ ಜೊತೆಗಿರಬೇಕು.

ಸೈಕಲ್ಲಿನ ಆರೈಕೆಯಿಂದ ಬರುವ ವೇಗಕ್ಕೆ ಖರ್ಚೂ ಇಲ್ಲ, ಬೆವರೂ ಇಲ್ಲ. ಪೆಡಲು ಕೆಳಗಿರುವಾಗ ಮೊಣಕಾಲು ತುಸುವೇ ಬಾಗಿರುವಷ್ಟು ಸೀಟಿನ ಎತ್ತರ, ಎಣ್ಣೆ ಕಂಡ ಚೈನು, ರಿಮ್ಮಿಗೆ ಉಜ್ಜದ ಬ್ರೇಕು, ಸರಿಯಾದ ಹವಾ. ಹವಾ ಹೆಚ್ಚಿದಷ್ಟೂ ಒಳ್ಳೆಯದೆಂಬ ನಂಬಿಕೆ ಸುಳ್ಳು. ತರಿತರಿಯಾದ ರಸ್ತೆಯಲ್ಲಿ ಕಲ್ಲಿನಂತೆ ಗಟ್ಟಿಯಾದ ಟೈರು ಪುಟಿದು ಪುಟಿದು ಶಕ್ತಿಯನ್ನು ಪೋಲು ಮಾಡುತ್ತದೆ. ಮೊಣಕೈ ಬಾಗಿಸಿ ಬೆನ್ನು ತಗ್ಗಿಸಿದರೆ ಗಾಳಿಯ ತಡೆ ಇಳಿಯುತ್ತದೆ. ಗೇರಿರುವ ಸೈಕಲ್ಲಿನಲ್ಲಿ ಭಾರದ ಗೇರನ್ನು ಹಾಕಿ ಮೊಣಕಾಲನ್ನು ನೋಯಿಸುವ ಬದಲು ಹಗುರ ಗೇರಿನಲ್ಲಿ ನಿಮಿಷಕ್ಕೆ ಎಂಬತ್ತು ಸುತ್ತಿನ ಆಸುಪಾಸಿನಲ್ಲಿ ಪೆಡಲು ತಿರುಗಿಸುವುದು ಹಿತಕರ.

ಇಷ್ಟನ್ನು ಒಂದು ವರ್ಷ ನಿಷ್ಠೆಯಿಂದ ಮಾಡಿದವರ ವೇಗ ಖಂಡಿತ ಏರುತ್ತದೆ. ಅಲ್ಲಿಂದ ಮುಂದೆ ಪ್ರತಿ ಒಂದು ಕಿ.ಮೀ. ಹೆಚ್ಚಳಕ್ಕೂ ಹಿಂದಿನದಕ್ಕಿಂತ ಹೆಚ್ಚಿನ ಬೆಲೆ ತೆರಬೇಕಾಗುತ್ತದೆ.

ರಸ್ತೆಯ ಪಾಲು

ಈಗ ಮತ್ತೆ ಆ ಆರು ಕಿಲೋಮೀಟರಿಗೆ ಬರಬೇಕು. ಸಂದಣಿಯ ಭಾಗದಲ್ಲಿ 14ರ ಬದಲು 20 ಕಿ.ಮೀ. ವೇಗ ಸಾಧ್ಯವಾಗುವಂತೆ ರಸ್ತೆ ಇದ್ದಿದ್ದರೆ, ಅದೇ ಸವಾರರ ಒಟ್ಟು ಸರಾಸರಿ 23ರಿಂದ ಸುಮಾರು 25ಕ್ಕೆ ಏರುತ್ತಿತ್ತು. ತೆರೆದ ರಸ್ತೆಯಲ್ಲಿ ಒಂದು ಹನಿ ಹೆಚ್ಚಿನ ಬೆವರೂ ಇಲ್ಲದೆ. ಕಾಲಿನಿಂದ ಇಷ್ಟನ್ನು ಗಳಿಸಲು ತಿಂಗಳುಗಟ್ಟಲೆ ಅಭ್ಯಾಸ ಬೇಕು. ರಸ್ತೆಯ ಪಾಲು ಎಷ್ಟು ದೊಡ್ಡದೆಂಬುದಕ್ಕೆ ಇದಕ್ಕಿಂತ ಸರಳವಾದ ಸಾಕ್ಷ್ಯ ಬೇಕಿಲ್ಲ.

ಆದರೆ ಅಂಕಿಯ ಮೋಹಕ್ಕೆ ಬಿದ್ದವರು ಈ ಪಾಲನ್ನು ಕಳ್ಳದಾರಿಯಿಂದ ಪಡೆಯಲು ಹೋಗುತ್ತಾರೆ. ಕೆಂಪು ದೀಪವನ್ನು ದಾಟುತ್ತಾರೆ, ಬಸ್ಸು ಲಾರಿಗಳ ನಡುವಿನ ಸಂದಿಯಲ್ಲಿ ನುಸುಳುತ್ತಾರೆ. ಒಂದು ನಿಮಿಷದ ಸಿಗ್ನಲ್ಲನ್ನು ಹಾರಿಸಿದರೆ ಮೇಲಿನ ಸವಾರಿಯ ಸರಾಸರಿ ಎಷ್ಟು ಏರುತ್ತದೆ? ಗಂಟೆಗೆ 0.2 ಕಿ.ಮೀ. ಅಷ್ಟಕ್ಕೆ ಪಣವಾಗಿಡುವುದು ಜೀವವನ್ನು. 2019ರ ನವೆಂಬರಿನಲ್ಲಿ ಸುಮನಹಳ್ಳಿ ಮೇಲ್ಸೇತುವೆಯ ನಡುವೆಯೇ ರಂಧ್ರ ಬಿದ್ದು ಕೆಳಗಿನ ರಸ್ತೆ ಕಾಣುವಂತಾದುದನ್ನು ಈ ಭಾಗದವರು ಮರೆತಿಲ್ಲ. ಅಂಥ ರಸ್ತೆಗಳಲ್ಲಿ ತಲೆ ತಗ್ಗಿಸಿ ಮಾಪಕವನ್ನು ನೋಡುತ್ತ ತುಳಿಯುವುದು ಸಾಹಸವಲ್ಲ, ಮೌಢ್ಯ.

ನೇರದಾರಿ ಬೇರೆಯಿದೆ, ರಸ್ತೆಯ ಪಾಲನ್ನು ಹಕ್ಕಾಗಿ ಕೇಳುವುದು. ಬೆಂಗಳೂರಿನ ಹೊರವರ್ತುಲ ರಸ್ತೆಯ ಪೂರ್ವದ ಐಟಿ ಪಟ್ಟಿಯಲ್ಲಿ 2020ರಲ್ಲಿ ತಾತ್ಕಾಲಿಕ ಸೈಕಲ್ ಪಥವೊಂದು ಮೂಡಿತು. ಇಂಥ ಪಥಗಳು ವಾಹನ ನಿಲುಗಡೆಯ ತಾಣವಾಗುವುದನ್ನು ನಗರ ಮತ್ತೆ ಮತ್ತೆ ಕಂಡಿದೆ. ಪಶ್ಚಿಮ ಬೆಂಗಳೂರಿನ ಕಾರ್ಮಿಕ ಬಡಾವಣೆಗಳಲ್ಲಿ ಇಂದಿಗೂ ಸೈಕಲ್ಲನ್ನೇ ನೆಚ್ಚಿ ಕೆಲಸಕ್ಕೆ ಹೋಗುವವರಿದ್ದಾರೆ. ಮೊದಲ ಪಥ ಸಲ್ಲಬೇಕಾದುದು ಅವರಿಗೆ. ಅವರು ನಿರ್ಭಯವಾಗಿ ಸಾಗಬಲ್ಲ ರಸ್ತೆಯಲ್ಲಿ ಭಾನುವಾರದ ಹವ್ಯಾಸಿಯ ಸರಾಸರಿ ತಾನಾಗಿ ಏರುತ್ತದೆ.

ರಸ್ತೆಯ ಪಾಲೆಂದರೆ ರಸ್ತೆ ಅಗಲೀಕರಣವೆಂದು ಯಾರೂ ತಿಳಿಯಬಾರದು. ಅಗಲವಾದ ರಸ್ತೆ ಮೋಟಾರುಗಳನ್ನು ಕರೆತರುತ್ತದೆ, ನೆರಳನ್ನು ಕಳೆಯುತ್ತದೆ. ಬಿಸಿಲಿನಲ್ಲಿ ದೇಹ ತನ್ನನ್ನು ತಂಪಾಗಿಡಲು ರಕ್ತವನ್ನು ಚರ್ಮದ ಕಡೆಗೆ ಹರಿಸುವುದರಿಂದ ಸ್ನಾಯುಗಳಿಗೆ ಸಿಗುವ ಪಾಲು ಇಳಿದು ವೇಗ ಕುಗ್ಗುತ್ತದೆ. ನೆರಳೂ ವೇಗವೇ. ಇದೇ ಮಾಗಡಿ ರಸ್ತೆ ಕೊಂಡೊಯ್ಯುವ ಮಾಗಡಿ ತಾಲ್ಲೂಕಿನಲ್ಲಿ, ಹುಲಿಕಲ್ಲಿನಿಂದ ಕುದೂರಿನ ಕಡೆಗಿನ ದಾರಿಯಲ್ಲಿ ನೂರಾರು ಆಲದ ಸಸಿಗಳನ್ನು ನೆಟ್ಟು, ಕೊಡದಲ್ಲಿ ನೀರು ಹೊತ್ತು ಬೆಳೆಸಿದವರು ಸಾಲುಮರದ ತಿಮ್ಮಕ್ಕ ಮತ್ತು ಅವರ ಪತಿ ಚಿಕ್ಕಯ್ಯ. 2019ರಲ್ಲಿ ಪದ್ಮಶ್ರೀ ಪಡೆದ, 2025ರ ನವೆಂಬರಿನಲ್ಲಿ ಅಗಲಿದ ಆ ಹಿರಿಯ ಜೀವ ಸೈಕಲ್ ಸವಾರರಿಗೆ ಮಾಡಿದ ಉಪಕಾರವನ್ನು ಯಾವ ಮಾಪಕವೂ ತೋರಿಸಲಾರದು.

ಮೋಟಾರಿನ ಸರಾಸರಿಯನ್ನೂ ಒಮ್ಮೆ ತೂಗಿ ನೋಡಬೇಕು. ವಾಹನ ಸಂಚಾರವನ್ನು ಅಳೆಯುವ ಟಾಮ್‌ಟಾಮ್ ಸಂಸ್ಥೆಯ 2022ರ ಲೆಕ್ಕದಂತೆ ಬೆಂಗಳೂರಿನ ಕೇಂದ್ರಭಾಗದಲ್ಲಿ 10 ಕಿ.ಮೀ. ಸಾಗಲು ವಾಹನಗಳಿಗೆ ಸರಾಸರಿ 29 ನಿಮಿಷ 10 ಸೆಕೆಂಡು ಬೇಕಾಯಿತು. ಅಂದರೆ ಗಂಟೆಗೆ ಇಪ್ಪತ್ತು ಕಿ.ಮೀ. ಚಿಲ್ಲರೆ, ಸಾಧಾರಣ ಸೈಕಲ್ ಸವಾರರ ವೇಗ. ಚಿಂತಕ ಇವಾನ್ ಇಲಿಚ್ 1974ರಲ್ಲಿ ಇನ್ನೂ ಮುಂದೆ ಹೋಗಿ ಲೆಕ್ಕ ಹಾಕಿದ್ದರು. ಅಮೆರಿಕದ ಕಾರುವಂತ ತನ್ನ ಕಾರಿನಲ್ಲಿ ಕುಳಿತ ಹೊತ್ತಿಗೆ, ಅದರ ಕಂತು, ಇಂಧನ, ವಿಮೆ, ತೆರಿಗೆಗಾಗಿ ದುಡಿದ ಹೊತ್ತನ್ನೂ ಸೇರಿಸಿದರೆ ವರ್ಷಕ್ಕೆ 1,600 ಗಂಟೆಗಳಾದವು. ಕ್ರಮಿಸಿದ ದೂರ 7,500 ಮೈಲಿ. ನಿಜವಾದ ಸರಾಸರಿ ಗಂಟೆಗೆ ಐದು ಮೈಲಿಗೂ ಕಡಿಮೆ. ಇಪ್ಪತ್ತೊಂದು ಬಂತೆಂದು ಕುಗ್ಗುವ ಸವಾರರು ಈ ಲೆಕ್ಕವನ್ನು ಒಮ್ಮೆ ಓದಬೇಕು.

ಘಟ್ಟದವರಿಗೆ ಇದರಿಂದೇನು?

ಬೆಂಗಳೂರಿನ ಸವಾರರು ಮಾಗಡಿಗೆ ನಿಲ್ಲುವುದಿಲ್ಲ. 2008ರಲ್ಲಿ ಆರಂಭವಾದ 'ಟೂರ್ ಆಫ್ ನೀಲಗಿರೀಸ್' ಸವಾರಿಯಂಥವು ಅವರನ್ನು ಬಂಡೀಪುರದ ಕಾಡಿಗೂ, ಮಸಿನಗುಡಿಯಿಂದ ಊಟಿಗೆ ಏರುವ ಕಲ್ಲಟ್ಟಿ ಘಾಟಿಯ 36 ತಿರುವುಗಳಿಗೂ ಕರೆದೊಯ್ದಿವೆ. ಘಟ್ಟದ ರಸ್ತೆ ಸರಾಸರಿಯ ಗರ್ವವನ್ನು ಇಳಿಸುವ ಗುರು. ಆಗುಂಬೆಯ 14 ತಿರುವುಗಳನ್ನು ಹತ್ತುವವರು ಎಂಟು ಹತ್ತರ ವೇಗದಲ್ಲಿ ತೆವಳಿದರೂ ಅವಮಾನವಿಲ್ಲ. ಹತ್ತುವಾಗ ಕಳೆದುದನ್ನು ಇಳಿಯುವಾಗ ಗಳಿಸಹೊರಟರೆ ಮಾತ್ರ ಮಂಜು, ಮಳೆ, ಪಾಚಿಗಟ್ಟಿದ ಅಂಚು ಮತ್ತು ಎದುರಿನ ಬಸ್ಸು ಲೆಕ್ಕ ಚುಕ್ತಾ ಮಾಡುತ್ತವೆ.

ಮಲೆನಾಡಿನ ಮಕ್ಕಳಿಗೆ ಸೈಕಲ್ ಹೊಸದೇನಲ್ಲ. 2006-07ರಲ್ಲಿ ರಾಜ್ಯ ಸರ್ಕಾರ ಪ್ರೌಢಶಾಲಾ ವಿದ್ಯಾರ್ಥಿಗಳಿಗೆ ಸೈಕಲ್ ವಿತರಿಸಲು ಆರಂಭಿಸಿದ ಮೇಲೆ ಎಷ್ಟೋ ಹೆಣ್ಣುಮಕ್ಕಳು ಎಂಟನೆಯ ತರಗತಿಯ ಬಳಿಕವೂ ಶಾಲೆಯ ದಾರಿ ಹಿಡಿದರು. ಗೇರಿಲ್ಲದ, ಭಾರದ ಆ ಸೈಕಲ್ಲುಗಳನ್ನು ಏರಿನಲ್ಲಿ ತಳ್ಳಿಕೊಂಡು, ಇಳಿಜಾರಿನಲ್ಲಿ ಬ್ರೇಕು ಬಿಗಿದು ಸಾಗಿದವರ ಸರಾಸರಿ ಹತ್ತನ್ನೂ ಮುಟ್ಟದಿರಬಹುದು. ಹೊತ್ತಿಗೆ ಸರಿಯಾಗಿ ಗಂಟೆ ಬಾರಿಸುವ ಮೊದಲು ಶಾಲೆ ತಲುಪಿದರೆಂದ ಮೇಲೆ ಅವರ ವೇಗ ಸಾಕಷ್ಟಿತ್ತು. ಕಾಮಾಕ್ಷಿಪಾಳ್ಯದ ಹಳೆಯ ಕಾರ್ಮಿಕರ ಅಳತೆಯೂ ಇದೇ ಆಗಿತ್ತು.

ವಿದ್ಯಾರ್ಥಿಗಳು ಈ ರಜೆಯಲ್ಲಿ ಒಂದು ಕೆಲಸ ಮಾಡಬಹುದು. ಮನೆಯಿಂದ ಶಾಲೆಯವರೆಗಿನ ದಾರಿಯನ್ನು ಏರು, ಇಳಿಜಾರು, ಸಮತಟ್ಟು, ಕೆಟ್ಟ ರಸ್ತೆ ಎಂದು ತುಂಡುಗಳಾಗಿ ವಿಂಗಡಿಸಿ, ಪ್ರತಿ ತುಂಡಿಗೆ ತಗಲುವ ಹೊತ್ತನ್ನು ಗಡಿಯಾರದಲ್ಲಿ ನೋಡಿ ಬರೆಯಬೇಕು. ಯಾವ ತುಂಡು ಅತಿ ಹೆಚ್ಚು ಹೊತ್ತು ತಿನ್ನುತ್ತದೆ, ಅದರಲ್ಲಿ ಕಾಲಿನ ಪಾಲೆಷ್ಟು, ಮೋರಿ ಕಟ್ಟದ ಪಂಚಾಯಿತಿಯ ಪಾಲೆಷ್ಟು ಎಂಬುದು ಕಾಗದದ ಮೇಲೆ ಸ್ಪಷ್ಟವಾಗುತ್ತದೆ. ಕಾಲಿನ ಪಾಲಿಗೆ ಅಭ್ಯಾಸ ಮಾಡಬೇಕು. ಉಳಿದ ಪಾಲಿಗೆ ಆ ಕಾಗದವನ್ನೇ ಹಿಡಿದು ಗ್ರಾಮಸಭೆಗೆ ಹೋಗಬೇಕು.